ಹೊಗಳಿಕೆಯ ರಿಹರ್ಸಲ್

ಕುಂದಾಪುರದ ಕಡೆಯವರಿಗೆ ಹೊಗಳುವುದು ಆಗಿಬರುವುದಿಲ್ಲ. ಬೈಯಲು ಬೇಕಾದರೆ ಬೆಳಗಿನಿಂದ ಸಂಜೆವರೆಗೆ ಮಾತು ಸಿಗುತ್ತದೆ, ಅದರಲ್ಲಿ ಬಗೆಬಗೆಯ ರಾಗಗಳೂ ಇವೆ. ಹೊಗಳಬೇಕಾಗಿ ಬಂದರೆ ಮಾತ್ರ ಇರುವುದು ಒಂದೇ ಮಾತು: 'ಅಡ್ಡಿಲ್ಲ.' ಮಗಳು ಜಿಲ್ಲೆಗೇ ಮೊದಲಿಗಳಾಗಿ ಪಾಸಾದರೆ ಅಡ್ಡಿಲ್ಲ. ಮದುವೆಯೂಟದಲ್ಲಿ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಏಳಲಾರದೆ ಎದ್ದು, ಕೈ ತೊಳೆಯುತ್ತ ಹೇಳುವುದೂ ಅಡ್ಡಿಲ್ಲವೇ. ಅದಕ್ಕಿಂತ ಮೇಲಿನ ಮಾತು ಊರಲ್ಲಿ ಇಲ್ಲ, ಇದ್ದರೂ ಯಾರೂ ಬಳಸಿ ನೋಡಿದವರಿಲ್ಲ. ಘಟ್ಟದ ಮೇಲಿನವರು ಇದನ್ನು ಕೇಳಿ, 'ಓಹೋ, ಏನೋ ಸುಮಾರಾಗಿದೆ' ಎಂದು ತಿಳಿದುಕೊಳ್ಳುತ್ತಾರೆ. ಪಾಪ, ಅವರ ತಪ್ಪಲ್ಲ. ಆದರೆ ಈ ತಿಳಿವಳಿಕೆಯಿಂದ ಒಂದು ಸಿನಿಮಾ ಸತ್ತೇಹೋಯಿತು. ಅದರ ಜೊತೆಗೆ ಕೋಟೇಶ್ವರದ ಸುಗುಣಕ್ಕನ ಬಣ್ಣದ ಬದುಕೂ ಮಣ್ಣಾಯಿತು.

ಸಿನಿಮಾದ ಹೆಸರು 'ಗಂಡಿನ ಕಡೆಯವರು'. ಎಂಟೊಂಬತ್ತು ವರ್ಷದ ಹಿಂದೆ ಬ್ರಹ್ಮಾವರದ ನಿತೇಶ ಅದನ್ನು ಮಾಡಿದ್ದ. ಅದರಲ್ಲಿ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಒಂದು ವ್ಯಾನು ತುಂಬ ಜನ. ಬ್ರಹ್ಮಾವರದಿಂದ ಬೈಂದೂರಿಗೆ ಹೊರಟ ಮದುವೆ ದಿಬ್ಬಣ ಸಾಸ್ತಾನದ ಟೋಲ್ ಹತ್ತಿರ ನಿಲ್ಲುತ್ತದೆ. ಮದುಮಗ ಮರೆಗೆ ಹೋಗಿ ಬರಲೆಂದು ಸದ್ದಿಲ್ಲದೆ ಇಳಿಯುತ್ತಾನೆ. ಅವನು ಮರಳಿ ಹತ್ತುವ ಮೊದಲೇ ವ್ಯಾನು ಹೊರಡುತ್ತದೆ. ಒಳಗಿದ್ದವರೆಲ್ಲ ತಂತಮ್ಮ ಜಗಳದಲ್ಲಿ ಮುಳುಗಿರುವುದರಿಂದ ಮದುಮಗ ಇಲ್ಲದ್ದು ಯಾರ ಗಮನಕ್ಕೂ ಬರುವುದಿಲ್ಲ. ಹೆಮ್ಮಾಡಿಯಲ್ಲಿ ದಾರಿ ತಪ್ಪಿ, ಕೊಲ್ಲೂರಿಗೆ ಹೋಗಿ, ಯಾರದೋ ಮದುವೆಯಲ್ಲಿ ಪಂಕ್ತಿಗೆ ಕೂತು, ಪಾಯಸ ಬರುವ ಹೊತ್ತಿಗೆ 'ಹೌದು, ನಮ್ಮ ಗಂಡೆಲ್ಲಿ?' ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇಷ್ಟೇ ಕಥೆ.

ನಟಿಸಿದವರೆಲ್ಲ ಊರವರೇ. ಸುಗುಣಕ್ಕನದು ಮದುಮಗನ ಸೋದರತ್ತೆಯ ಪಾತ್ರ. ಡ್ರೈವರನ ಪಕ್ಕದ ಸೀಟು ಹಿಡಿದು ಕೂತು, ಕೊನೆಯವರೆಗೂ ಅದನ್ನು ಯಾರಿಗೂ ಬಿಟ್ಟುಕೊಡದೆ, ಇಡೀ ವ್ಯಾನಿನ ಮೇಲೆ ಬಾಯಿ ಮಾಡುವ ಅತ್ತೆ. ಅದಕ್ಕಾಗಿ ಅವಳು ಹೆಚ್ಚೇನೂ ಅಭ್ಯಾಸ ಮಾಡಬೇಕಾಗಿರಲಿಲ್ಲ ಎಂದು ಅವಳ ಗಂಡ ರಾಮಣ್ಣ ಹೇಳುವುದುಂಟು, ಅವಳು ಹತ್ತಿರವಿಲ್ಲದಾಗ.

ಕುಂದಾಪುರದ ಟಾಕೀಸಿನಲ್ಲಿ ಸಿನಿಮಾ ಬಿಡುಗಡೆಯಾದ ದಿನ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಆದರೆ ಹಂಚಿಕೆದಾರನ ಕಡೆಯಿಂದ ಬೆಂಗಳೂರಿನಿಂದ ಬಂದ ಮನುಷ್ಯ ಒಳಗೆ ಕೂರಲಿಲ್ಲ. ಹೊರಗೆ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ 'ಹೇಗಿದೆ ಸಿನಿಮಾ?' ಎಂದು ಕೇಳಿದ. ಕಣ್ಣೀರು ಒರೆಸಿಕೊಳ್ಳುತ್ತ ಬಂದವರು ಹೇಳಿದರು, 'ಅಡ್ಡಿಲ್ಲ.' ಸೀಟಿನಿಂದ ಜಾರಿ ಬಿದ್ದಿದ್ದವನೊಬ್ಬ ಪ್ಯಾಂಟು ಕೊಡವಿಕೊಂಡು ಹೇಳಿದ, 'ಅಡ್ಡಿಲ್ಲ.' ಆ ಮನುಷ್ಯ ಫೋನು ತೆಗೆದು, 'ಸರ್, ಯಾರಿಗೂ ಅಂಥಾ ವಿಶೇಷ ಏನೂ ಅನ್ನಿಸಿಲ್ಲ' ಎಂದು ವರದಿ ಒಪ್ಪಿಸಿದ. ಸೋಮವಾರಕ್ಕೆ ಬೇರೆ ಪೋಸ್ಟರ್ ಬಿತ್ತು.

ಅಂದಿನಿಂದ ನಿತೇಶ ಬ್ರಹ್ಮಾವರದಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದಾನೆ. ಸುಗುಣಕ್ಕ ಕೋಟೇಶ್ವರದಲ್ಲಿ ತನ್ನ ಬಳೆ, ಕ್ಲಿಪ್ಪು, ಕುಂಕುಮದ ಫ್ಯಾನ್ಸಿ ಅಂಗಡಿ ನೋಡಿಕೊಂಡಿದ್ದಾಳೆ. ಆದರೆ ಅವಳ ಆಸೆ ಅಂಗಡಿಯ ಹಿಂದಿನ ಕಪಾಟಿನಲ್ಲಿ ಮಾರಾಟಕ್ಕಿಲ್ಲದ ಸಾಮಾನಿನ ಹಾಗೆ ಹಾಗೇ ಉಳಿದಿದೆ. ನಿತೇಶನ ಬಳಿ ಎರಡನೆಯ ಸಿನಿಮಾದ ಕಥೆ ತಯಾರಿದೆ. ಅದು ಪೂರ್ತಿ ಒಬ್ಬ ಹೆಂಗಸಿನ ಮೇಲೆ ನಿಂತ ಕಥೆ. 'ಆ ಪಾತ್ರ ನಿಮ್ಮದೇ ಅಕ್ಕ' ಎಂದು ಅವನು ಮಾತು ಕೊಟ್ಟಿದ್ದಾನೆ. ಆದರೆ ಮೊದಲನೆಯದು ಮುಗ್ಗರಿಸಿದವನಿಗೆ ಎರಡನೆಯದಕ್ಕೆ ಹಣ ಹಾಕುವವರು ಯಾರು? ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಗುಣಕ್ಕ ಮಾರಾಟದ ಕನ್ನಡಿಗಳ ಮುಂದೆ ನಿಂತು ಅಳುವುದನ್ನು, ಹಲ್ಲು ಕಡಿಯುವುದನ್ನು, ಓರೆಗಣ್ಣಲ್ಲಿ ನಗುವುದನ್ನು ಅಭ್ಯಾಸ ಮಾಡುತ್ತಾಳೆ. ಒಂದು ಸಲ ಬಳೆ ಕೊಳ್ಳಲು ಬಂದ ಹುಡುಗಿಯೊಬ್ಬಳು ಹೆದರಿ ಓಡಿಹೋಗಿದ್ದೂ ಉಂಟು.

ಹೀಗಿರುವಾಗ ಒಂದು ಬೆಳಿಗ್ಗೆ ನಿತೇಶ ಅಂಗಡಿಗೆ ಬಂದ. ಮುಖ ನೋಡಿದರೆ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಹೇಳುವ ಹಾಗಿರಲಿಲ್ಲ.

"ಅಕ್ಕ, ಬೆಂಗ್ಳೂರಿನ ಒಂದ್ ಆ್ಯಪ್‌ನೋರ್ ನಮ್ ಸಿನಿಮಾ ಕೇಳಿರ್. ಯಾರೂ ಕಾಣದ್ದ ಹಳೀ ಸಿನಿಮಾ ಎಲ್ಲ ಹುಡ್ಕಿ ಹಾಕ್ತ್ರಂಬ್ರ್."

"ಮತ್ತೆಂತ ಮುಖ ಸಪ್ಪೆ ಮಾಡ್ಕಂಡಿದೆ?"

"ಅನಿಷಾ ಅಂದೇಳಿ ಒಂದ್ ಹೆಣ್ಣ್ ಐತವಾರ ಬತ್ತಿತ್ತ್. ಬೀಜಾಡಿ ಮದಿ ಹಾಲಂಗೆ ಊರೋರಿಗೆಲ್ಲ ಸಿನಿಮಾ ತೋರ್ಸ್ಕ್. ಮುಗ್ದದ್ದೇ ಅವ್ಳ್ ಬಾಗ್ಲಂಗೆ ನಿಂತ್ಕಂಡ್, ಫೋನ್ ಹಿಡ್ಕಂಡ್, ಜನ್ರ ಹತ್ರ ಕೇಳ್ತ್ಳ್, 'ಈ ಸಿನಿಮಾ ನೋಡ್ಲಕ್ಕಾ?' ಅಂದ್."

"ಬಾಗ್ಲಂಗೆ!" ಸುಗುಣಕ್ಕ ಬಳೆ ಜೋಡಿಸುವುದನ್ನು ಬಿಟ್ಟಳು.

"ಹ್ಞೂಂ. ಜನ ಎಂತ ಹೇಳ್ತ್ರ್ ಅಂದೇಳಿ ನಂಗೂ ಗೊತ್ತಿತ್ತ್, ನಿಮ್ಗೂ ಗೊತ್ತಿತ್ತ್. ಅವ್ರಿಗೆ ಲಾಯ್ಕ್ ಕಂಡ್ರೆ ಇದನ್ನೂ ಹಾಕ್ತ್ರ್, ಎರಡ್ನೇದಕ್ಕೂ ದುಡ್ಡ್ ಕೊಡ್ತ್ರಂಬ್ರ್. ಇಲ್ದಿರೆ ನಾನ್ ಸಾಯುವರಿಗೂ ಮದಿ ವಿಡಿಯೋವೇ."

ಸುಗುಣಕ್ಕ ಕೈಯಲ್ಲಿದ್ದ ಬಳೆಯ ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳು.

"ಈ ಸಲ ಒಬ್ಬನ ಬಾಯಂಗೂ ಆ ಮಾತ್ ಬಪ್ಪುಕಾಗ. ಅದನ್ನ ನನಗ್ ಬಿಡ್. ನಾನ್ ಕಂಡ್ಕಂತೆ."

ಮರುದಿನವೇ ಅಂಗಡಿಗೆ ಬಾಗಿಲು ಹಾಕಿ ಸುಗುಣಕ್ಕ ಸಾಲಿಗ್ರಾಮದ ಬಸ್ಸು ಹತ್ತಿದಳು. ಸಿನಿಮಾದಲ್ಲಿ ಪುರೋಹಿತರಾಗಿದ್ದ ವಿಷ್ಣುಮೂರ್ತಿ ಮಯ್ಯರು ಅಲ್ಲಿ ಗದ್ದೆ, ತೋಟ ನೋಡಿಕೊಂಡಿದ್ದಾರೆ. ಅವರ ಮಾತನ್ನು ಅಲ್ಲಿನ ನಾಲ್ಕು ಜನ ಕೇಳುತ್ತಾರೆ. ಸುದ್ದಿ ಕೇಳಿದ್ದೇ ಮಯ್ಯರು ಶಲ್ಯ ಸರಿಮಾಡಿಕೊಂಡರು.

"ಬಪ್ಪದೇ ಸೈ ಸುಗುಣ. ಎಷ್ಟಂದ್ರೂ ಅದ್ ಪುರೋಹಿತನ ಕಥಿ ಅಲ್ದಾ?"

ಸುಗುಣಕ್ಕ ತುಟಿ ಕಚ್ಚಿಕೊಂಡಳು. ಸೋದರತ್ತೆಯ ಕಥೆಯನ್ನು ಪುರೋಹಿತನ ಕಥೆ ಎನ್ನುವುದೆಂದರೆ! ಆದರೂ ಕೆಲಸ ಆಗಬೇಕಾಗಿದ್ದರಿಂದ ಸುಮ್ಮನೆ ಕೇಳಿದಳು, "ಕೊಲ್ಲೂರಂಗೆ ಊಟ ಮಾಡುದಿತ್ತಲ್ದಾ ಮಯ್ರೆ, ಅದ್ ಹ್ಯಾಂಗಿತ್ತ್ ಹೇಳಿ ಕಾಂಬ?"

"ಅದ್ರಂಗೆ ನಾನಿಲ್ಯಲೆ. ಅಷ್ಟೊತ್ತಿಗೆ ಚಾ ಕುಡುಕೆ ಅಂದೇಳಿ ಹೊರಗ್ ಹೋಗಿದ್ದೆ."

ಅಲ್ಲಿಂದ ಬೈಂದೂರಿಗೆ. ಅಲ್ಲಿ ಸುಬ್ಬ ಇದ್ದಾನೆ, ಕೊಲ್ಲೂರಿಗೆ ಯಾತ್ರಿಕರನ್ನು ಕರೆದೊಯ್ಯುವ ವ್ಯಾನಿನ ಡ್ರೈವರು. ಸಿನಿಮಾದಲ್ಲೂ ಅವನೇ ಡ್ರೈವರು, ವ್ಯಾನೂ ಅವನದೇ. ಅವನ ಪ್ರಕಾರ ಅದು ಡ್ರೈವರನ ಕಥೆ, ಉಳಿದವರೆಲ್ಲ ಬರಿ ಪ್ಯಾಸೆಂಜರುಗಳು. ಮದುಮಗ ಇಳಿದ ಮೇಲೆ ಅವನ ಗತಿ ಏನಾಯಿತು ಎಂದು ಕೇಳಿದರೆ ಸುಬ್ಬ ತಲೆ ಕೆರೆದುಕೊಂಡ. ಟಾಕೀಸಿನಲ್ಲಿ ತನ್ನ ಭಾಗ ಬಂದಾಗ ನೋಡಿ, ಉಳಿದ ಹೊತ್ತು ಫೋನಿನಲ್ಲಿ ನೆಂಟರಿಗೆಲ್ಲ 'ಈಗ ನಾನು ಬಂದೆ, ಈಗ ನಾನು ಹೋದೆ' ಎಂದು ಹೇಳುತ್ತಿದ್ದನಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಸುಗುಣಕ್ಕನಿಗೆ ನಗು ತಡೆಯಲಾಗಲಿಲ್ಲ. ಊರಲ್ಲಿ ಇಷ್ಟು ಜನ ಸೇರಿ ಒಂದು ಸಿನಿಮಾ ಮಾಡಿದ್ದಾರೆ, ಒಬ್ಬರಾದರೂ ಅದನ್ನು ಪೂರ್ತಿ ನೋಡಿಲ್ಲ! ಮರವಂತೆ ದಾಟುವ ಹೊತ್ತಿಗೆ ನಗು ನಿಂತಿತು. ತಾನಾದರೂ ನೋಡಿದ್ದೇನೆಯೇ? ಇದ್ದ ಶೋಗಳಿಗೆಲ್ಲ ಹೋಗಿದ್ದಳು, ಸರಿ. ಆದರೆ ತಾನು ಪರದೆಯ ಮೇಲೆ ಇಲ್ಲದಾಗ ಅವಳಿಗೆ ಸಿನಿಮಾ ಬೇಕಿರಲಿಲ್ಲ. ತಾನು ಇದ್ದಾಗಂತೂ ಹಿಂದೆ ತಿರುಗಿ ಜನರ ಮುಖ ನೋಡುವುದೇ ಕೆಲಸವಾಗಿತ್ತು. ತಾನು ಬಾಯಿ ತೆರೆದಾಗಲೆಲ್ಲ ಆ ಮುಖಗಳು ಅರಳಿದ್ದವು, ಹಲ್ಲು ಕಾಣಿಸಿದ್ದವು. ಅಷ್ಟು ಸಾಕಿತ್ತು. ಇಷ್ಟು ವರ್ಷ ಅವಳು ಬದುಕಿದ್ದು ಆ ನಗುವಿನ ಮೇಲೆಯೇ.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಗಳಿಕೆಯ ರಿಹರ್ಸಲ್ ನಡೆಯಿತು. ಮಯ್ಯರು, ಸುಬ್ಬ, ಇನ್ನೂ ಏಳೆಂಟು ಮಂದಿ ಬಂದಿದ್ದರು. ಇಲ್ಲಿ ಕಲಿತದ್ದನ್ನು ಅವರು ತಂತಮ್ಮ ಕಡೆಯವರಿಗೆ ಕಲಿಸಬೇಕು ಎಂದು ಏರ್ಪಾಡು.

"ಅದ್ಭುತ ಅನ್ನಿ ಕಾಂಬ," ಎಂದಳು ಸುಗುಣಕ್ಕ.

ಮಯ್ಯರು ಕಣ್ಣು ಮುಚ್ಚಿ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ಅದ್ಭುತ" ಎಂದರು.

"ಸ್ವಲ್ಪ ನೆಗಾಡಿ ಮಯ್ರೆ!"

ನಗುತ್ತ ಹೇಳಿದರೆ ಅದು ಇನ್ನೂ ಭಯಂಕರವಾಗಿತ್ತು. ಸುಬ್ಬನಿಗೆ 'ಸೂಪರ್' ಎಂಬುದನ್ನು ಕೊಟ್ಟರೆ ಅವನ ತುಟಿ ತಾನಾಗಿಯೇ ಒಂದು ಕಡೆಗೆ ವಾಲುತ್ತಿತ್ತು.

"ಅಕ್ಕ, ನಮ್ ಬೈಂದೂರಂಗೆ ಯಾರಿಗಾರೂ ಸೂಪರ್ ಅಂದ್ರೆ ಗೇಲಿ ಮಾಡ್ತ ಅಂದೇಳಿ ಹೊಡುಕ್ ಬತ್ರ್. ಹೋಯ್ಲಿ, ಒಂದ್ ಅಡ್ಡಿಲ್ಲ ಅಂದ್ರೆ ಎಂತ ಆತ್ತ್?"

"ಆ ಮಾತ್ ಎತ್ತಿದ್ರೆ ನೀನ್ ನಾಳಿಂದ ನನ್ ಅಂಗಡಿ ಮೆಟ್ಲ್ ಹತ್ತುಕಿಲ್ಲ, ನೆನಪಿಟ್ಕೊ!"

ಹೀಗೆ ಗದರಿಸಿ, ಬೇಡಿಕೊಂಡು, ಚಾ ಕುಡಿಸಿ, ಎಲ್ಲರ ಬಾಯಲ್ಲೂ ಮೂರು ಮಾತು ಕೂರಿಸಿದಳು: ಅದ್ಭುತ, ಸೂಪರ್, ನಕ್ಕು ನಕ್ಕು ಸಾಕಾಯಿತು. ಇಬ್ಬರನ್ನು ಮಾತ್ರ ಬೇಕೆಂದೇ ಬಿಟ್ಟಳು. ಒಬ್ಬ ಅವಳ ಗಂಡ. ರಾಮಣ್ಣ ಕುಂದಾಪುರ, ಬೈಂದೂರು, ಕೊಲ್ಲೂರಿನ ಬಸ್ಸುಗಳಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ಅವನ ಬಾಯಲ್ಲಿ 'ಅಡ್ಡಿಲ್ಲ' ಸಹ ಬಂದದ್ದಿಲ್ಲ. ಅಡುಗೆ ರುಚಿಯಾಗಿದ್ದರೆ ಮಾತಾಡದೆ ತಟ್ಟೆ ಮುಂದೆ ನೂಕುವವನು ಅವನು. ಸಿನಿಮಾ ಬಂದಾಗ ಡ್ಯೂಟಿಯಲ್ಲಿದ್ದ, ರಜೆ ಸಿಗುವಷ್ಟರಲ್ಲಿ ಸಿನಿಮಾ ಹೋಗಿತ್ತು. "ನೀವ್ ಐತವಾರ ಬಪ್ಪುದೇ ಬ್ಯಾಡ" ಎಂದು ಸುಗುಣಕ್ಕ ಕಟ್ಟಪ್ಪಣೆ ಮಾಡಿದಳು.

ಬಿಟ್ಟ ಇನ್ನೊಬ್ಬಳು ಬೀಜಾಡಿಯ ಸರೋಜ. ಸಣ್ಣಪುಟ್ಟ ಸಮಾರಂಭಗಳಿಗೆ ಚಾ, ತಿಂಡಿ ಮಾಡಿಕೊಡುವ ಹೆಂಗಸು. ಸಿನಿಮಾದಲ್ಲಿ ಅವಳೂ ಇದ್ದಳು. ಮದುಮಗನ ಚಿಕ್ಕಮ್ಮನಾಗಿ, ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು. ಒಂದು ಮಾತೂ ಇಲ್ಲದ ಪಾತ್ರ. ಮಾತೇ ಇಲ್ಲದವಳ ಅಭಿಪ್ರಾಯ ಯಾರು ಕೇಳುತ್ತಾರೆ ಎಂದುಕೊಂಡ ಸುಗುಣಕ್ಕ, ಭಾನುವಾರದ ಚಾ ಮತ್ತು ಗೋಳಿಬಜೆಯ ಆರ್ಡರ್ ಮಾತ್ರ ಅವಳಿಗೆ ಕೊಟ್ಟು ಬಂದಳು.

ಭಾನುವಾರ ಮಧ್ಯಾಹ್ನ ಬೀಜಾಡಿಯ ಮದುವೆ ಹಾಲ್ ತುಂಬಿತು. ಅನಿಷಾ ಇಪ್ಪತ್ತೈದರ ಆಚೀಚೆಯ ಹುಡುಗಿ, ಕಿವಿಯಲ್ಲಿ ದೊಡ್ಡ ರಿಂಗು, ಎಲ್ಲರಿಗೂ ಕೈ ಮುಗಿದು ನಗುತ್ತಿದ್ದಳು. ಬೆಳಕು ಬಾರದಿರಲೆಂದು ನಿತೇಶ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದ. ಸುಗುಣಕ್ಕ ಎಂದಿನಂತೆ ಜನರ ಮುಖ ಕಾಣುವ ಹಾಗೆ ಪಕ್ಕದ ಗೋಡೆಯ ಬಳಿ ಕುರ್ಚಿ ಹಾಕಿಕೊಂಡಳು. ಲೈಟು ಆರಿತು. ನಿತೇಶ ಎಷ್ಟು ಚೆನ್ನಾಗಿ ಕಿಟಕಿ ಮುಚ್ಚಿದ್ದನೆಂದರೆ ಒಬ್ಬರ ಮುಖವೂ ಕಾಣಲಿಲ್ಲ. ಕತ್ತಲೆಯನ್ನು ಎಷ್ಟು ಹೊತ್ತು ನೋಡಲಾಗುತ್ತದೆ? ಬೇರೆ ದಾರಿಯಿಲ್ಲದೆ ಸುಗುಣಕ್ಕ ಪರದೆಯ ಕಡೆ ತಿರುಗಿದಳು.

ಮೊದಮೊದಲು ಅವಳಿಗೆ ತನ್ನನ್ನು ನೋಡಿಕೊಂಡು ಖುಷಿಯೇ ಆಯಿತು. ವ್ಯಾನು ಹತ್ತುವಾಗಲೇ ಪುರೋಹಿತರನ್ನು ತಳ್ಳಿ ಮುಂದಿನ ಸೀಟು ಹಿಡಿಯುತ್ತಾಳೆ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ, ಒದರುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒದರುತ್ತಾಳೆ. ಮತ್ತೂ ಒದರುತ್ತಾಳೆ. ಅರೆ, ಇಷ್ಟೊಂದು ಕೂಗಿದ್ದೆನಾ ಎಂದು ಅವಳಿಗೇ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು.

ಆಗ ಟೋಲಿನ ದೃಶ್ಯ ಬಂತು. ಮದುಮಗ ಇಳಿದ. ವ್ಯಾನು ಹೊರಟಿತು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಮ್ಮ ಕಿಟಕಿಯಿಂದ ಅವನನ್ನು ನೋಡಿದಳು. ಇಡೀ ವ್ಯಾನಿನಲ್ಲಿ ಅದನ್ನು ನೋಡಿದವಳು ಅವಳೊಬ್ಬಳೇ. ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದಳು. ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ಡಬ್ಬಿ ಗಟ್ಟಿಯಾಗಿ ಹಿಡಿದುಕೊಂಡಳು. ಹಾಲ್ ತುಂಬ ನಗುವಿನ ಅಲೆ ಎದ್ದಿತು.

ಕುಂದಾಪುರ ಬಂತು. ಚಿಕ್ಕಮ್ಮ ಮತ್ತೆ ಬಾಯಿ ತೆರೆದಳು, ಅತ್ತೆ ಮತ್ತೆ ಶುರುಮಾಡಿದಳು. ಚಿಕ್ಕಮ್ಮನ ಕಣ್ಣು ಮದುಮಗನ ಖಾಲಿ ಸೀಟಿಗೆ ಹೋಯಿತು, ಅತ್ತೆಯ ಬೆನ್ನಿಗೆ ಬಂತು, ಡಬ್ಬಿಗೆ ಇಳಿಯಿತು. ಹೆಮ್ಮಾಡಿಯಲ್ಲಿ ಅವಳು ಕೈಯನ್ನೂ ಎತ್ತಿದಳು. ಅತ್ತೆ ತಿರುಗಿ ನೋಡಿ, ಆ ಕೈಗೆ ಒಂದು ಬಾಳೆಹಣ್ಣು ಕೊಟ್ಟು, ಮಾತು ಮುಂದುವರಿಸಿದಳು. ಜನ ಕುರ್ಚಿ ಬಡಿದು ನಕ್ಕರು. ಸುಗುಣಕ್ಕನ ಬಾಯಿಂದಲೂ ನಗು ತಾನಾಗಿ ಹೊರಗೆ ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿದ ಮೇಲೆ ಅವಳಿಗೆ ಹೊಳೆಯಿತು. ತಾನು ಬಾಯಿ ತೆರೆದಾಗಲೆಲ್ಲ ಜನ ನಕ್ಕದ್ದು ತನ್ನನ್ನು ನೋಡಿ ಅಲ್ಲ. ತನ್ನ ಬೆನ್ನ ಹಿಂದೆ ಕೂತಿದ್ದ ಸರೋಜಳ ಮುಖ ನೋಡಿ. ಇಷ್ಟು ವರ್ಷ ಅವಳು ಎದೆಯೊಳಗೆ ಇಟ್ಟುಕೊಂಡು ಸಾಕಿದ್ದು ಇನ್ನೊಬ್ಬಳಿಗೆ ಸಂದ ನಗುವನ್ನು.

ಅವಳಿಗೆ ಹೊಟ್ಟೆಯುರಿಯಿತು. ಅಲ್ಲಿಯೇ, ಆ ಕತ್ತಲೆಯಲ್ಲಿ, ಸರೋಜಳ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಮಾತೂ ಆಡದೆ ಹೀಗೆ ಕದ್ದುಬಿಡುವುದೆಂದರೆ! ಆದರೆ ಮುಂದಿನ ದೃಶ್ಯದಲ್ಲಿ ಸರೋಜ ಪಂಕ್ತಿಯಲ್ಲಿ ಕೂತು, ಎಲೆಯ ಮೇಲಿನ ಪಾಯಸ ನೋಡಿ, ಮದುಮಗನ ನೆನಪಾಗಿ ತಿನ್ನಲೋ ಬೇಡವೋ ಎಂದು ನೋಡುವಾಗ ಸುಗುಣಕ್ಕ ಮತ್ತೆ ನಕ್ಕುಬಿಟ್ಟಳು. ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಆ ಹೆಂಗಸು ಬಿಡಲೇ ಇಲ್ಲ.

ಸಿನಿಮಾ ಮುಗಿದು ಲೈಟು ಬಂತು. ಅನಿಷಾ ಫೋನು ಹಿಡಿದು ಬಾಗಿಲಲ್ಲಿ ನಿಂತಳು. ಮೊದಲು ಹೊರಬಂದವರು ಮಯ್ಯರು.

"ಹೇಗಿತ್ತು ಸರ್? ನೋಡಬಹುದಾ ಈ ಸಿನಿಮಾ?"

"ಅದ್ಭುತ," ಎಂದರು ಮಯ್ಯರು ಗಂಭೀರವಾಗಿ. "ಅತ್ಯದ್ಭುತ. ನಕ್ಕು ನಕ್ಕು ಸಾಕಾಯಿತು." ಹೇಳುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಒಪ್ಪಿಸುವುದು ಮರೆತುಹೋದೀತೆಂಬ ಭಯ ಮಾತ್ರ ಇತ್ತು.

ಹಿಂದೆ ಬಂದವರು "ಅದ್ಭುತ. ಸೂಪರ್. ನಕ್ಕು ನಕ್ಕು ಸಾಕಾಯಿತು" ಎಂದರು. ಅವರ ಹಿಂದಿನವರೂ ಅಷ್ಟನ್ನೇ, ಅದೇ ಸಾಲಿನಲ್ಲಿ. ಸುಬ್ಬ ತುಟಿ ವಾಲಿಸಿ "ಸೂಪರ್" ಎಂದದ್ದು ಹೇಗಿತ್ತೆಂದರೆ ಅನಿಷಾಳ ಮುಖ ಕೆಂಪಾಯಿತು. ಸಾಲಿಗ್ರಾಮದ ಒಬ್ಬ ಅಜ್ಜಿ 'ಅದ್ಭುತ' ಎಂಬ ಮಾತು ಸಿಗದೆ ತಡವರಿಸಿ, ಹಿಂದೆ ತಿರುಗಿ, "ಸುಗುಣ, ಎಂತ ಹೇಳುಕಿತ್ತ್ ಮಗಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

ಅನಿಷಾ ಫೋನು ಕೆಳಗಿಳಿಸಿದಳು. "ನಿತೇಶ್, ಇವರಿಗೆಲ್ಲ ಹೇಳಿಕೊಟ್ಟಿದ್ದೀರಾ? ನನಗೆ ನಿಜವಾದ ಅಭಿಪ್ರಾಯ ಬೇಕಿತ್ತು. ಇದನ್ನು ತಗೊಂಡು ನಾನು ಆಫೀಸಲ್ಲಿ ಏನು ತೋರಿಸಲಿ?"

ನಿತೇಶ ಸುಗುಣಕ್ಕನ ಕಡೆ ನೋಡಿದ. ಸುಗುಣಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಮೊದಲ ಸಲ ಊರವರು ಕೊಂದ ಸಿನಿಮಾವನ್ನು ಈ ಸಲ ತನ್ನ ಕೈಯಾರೆ ಕೊಂದ ಹಾಗಾಯಿತಲ್ಲ.

ಅಷ್ಟರಲ್ಲಿ ಅಂಗಳದಿಂದ ಒಂದು ದನಿ ಕೇಳಿತು. ಬರಬೇಡ ಎಂದಿದ್ದರೂ ಬಂದು, ಕೊನೆಯ ಸಾಲಿನಲ್ಲಿ ಕೂತು, ಸಿನಿಮಾ ಪೂರ್ತಿ ನೋಡಿ, ಹಿಂಬಾಗಿಲಿನಿಂದ ಹೊರಗೆ ಹೋಗಿದ್ದ ರಾಮಣ್ಣನ ದನಿ.

"ಹ್ವಾಯ್ ಸುಬ್ಬ! ಬೈಂದೂರಿಗೆ ಹೋಪವ ಹೆಮ್ಮಾಡ್ಯಂಗೆ ಬಲಕ್ ತಿರ್ಗುದ್ ಎಂತಕ್ಕಾ? ಸೀದಾ ಹೈವೇ ಇಲ್ಯಾ?"

ಸುಬ್ಬ ಚಾ ಲೋಟ ಹಿಡಿದೇ ತಿರುಗಿದ. "ಕೊಲ್ಲೂರಿಂದ ಬೈಂದೂರಿಗೆ ರಸ್ತಿ ಇಲ್ಯಾ ರಾಮಣ್ಣ?"

"ಇತ್ತ್. ಆರೆ ಮದಿ ಮುಹೂರ್ತ ಇಟ್ಕಂಡ್ ಯಾವ ಮರ್ಲ ಆ ದಾರಿ ಹಿಡಿತ? ಆ ರೂಟಂಗೆ ಟಿಕೆಟ್ ಹರ್ದ್ ನನ್ ಬೆರಳ್ ಸವ್ದಿತ್ತ್!"

"ತಪ್ಪ್ ಡ್ರೈವರಂದ್ ಅಲ್ಲ," ಮಯ್ಯರು ನಡುವೆ ನುಗ್ಗಿದರು. "ಆ ಅತ್ತಿ ಒಂದ್ ಗಳಿಗಿ ಬಾಯ್ ಮುಚ್ಚಿದಿದ್ರೆ ಚಿಕ್ಕಮ್ಮ ಹೇಳ್ತಿರ್ಲಿಲ್ಯಾ?"

"ಚಿಕ್ಕಮ್ಮಂದೂ ತಪ್ಪೇ! ಕೂಗಿ ಹೇಳುಕಾತಿರ್ಲಿಲ್ಯಾ?" ಎಂದರು ಯಾರೋ.

"ಹ್ಯಾಂಗ್ ಹೇಳುದ್? ಬಾಯಿಗ್ ಬಾಳಿಹಣ್ಣ್ ಕೊಟ್ರೆ!"

ಅಂಗಳ ಎರಡು ಪಾಲಾಯಿತು. ಡ್ರೈವರನ ಕಡೆ ಕೆಲವರು, ಚಿಕ್ಕಮ್ಮನ ಕಡೆ ಹಲವರು. ಅತ್ತೆಯ ಕಡೆ ಒಬ್ಬರೂ ಇಲ್ಲ. 'ಅದ್ಭುತ' ಒಪ್ಪಿಸಲು ಬಾಗಿಲಲ್ಲಿ ಸಾಲು ನಿಂತಿದ್ದವರೂ ಸಾಲು ಬಿಟ್ಟು ಓಡಿದರು. ಟೋಲಿನಲ್ಲಿ ಉಳಿದ ಮದುಮಗ ಯಾರದಾದರೂ ಬೈಕು ಹತ್ತಬಹುದಿತ್ತೋ ಇಲ್ಲವೋ ಎಂಬಲ್ಲಿಗೆ ಬಂದಾಗ ಶಲ್ಯಗಳು ಹೆಗಲಿನಿಂದ ಜಾರಿದ್ದವು.

"ಇವರು ಯಾಕೆ ಜಗಳ ಆಡ್ತಿದ್ದಾರೆ?" ಅನಿಷಾ ಗಾಬರಿಯಿಂದ ಕೇಳಿದಳು. "ಅವರಿಗೆ ಇಷ್ಟ ಆಗಲಿಲ್ವಾ?"

ಸುಗುಣಕ್ಕನಿಗೆ ಜೀವ ಬಂದ ಹಾಗಾಯಿತು. "ಇಷ್ಟ ಆಗ್ದಿರೆ ಚಾ ಕುಡ್ದ್ ಮನಿಗೆ ಹೋತಿದ್ರ್ ಮಗಾ. ಅದ್ಭುತ ಅಂಬುದೆಲ್ಲ ನಾನ್ ಕಲ್ಸಿದ್ದ್, ಹೌದ್. ಹೊಗಳುಕೆ ನಮ್ಗ್ ಬತ್ತಿಲ್ಲ. ಆರೆ ಈ ಜಗಳ ಇತ್ತಲ್ದಾ, ಇದನ್ನ ಯಾರೂ ಕಲ್ಸ್ಲಿಲ್ಲ. ಆ ವ್ಯಾನಂಗೆ ತಮ್ಮ ಮನಿಯೋರೇ ಇಪ್ಪುದ್ ಅಂದೇಳಿ ಮಾತಾಡ್ತಿದ್ರ್, ಕೇಳ್."

ಅನಿಷಾ ಅಂಗಳದ ಕಡೆ ತಿರುಗಿದಳು. ರಾಮಣ್ಣ ನೆಲದ ಮೇಲೆ ಕಡ್ಡಿಯಿಂದ ಹೈವೇ ಗೀರಿ ತೋರಿಸುತ್ತಿದ್ದ. ಸುಬ್ಬ ಅದನ್ನು ಕಾಲಿನಿಂದ ಅಳಿಸುತ್ತಿದ್ದ. ಅವಳು ಮೆಲ್ಲಗೆ ಫೋನು ಎತ್ತಿ ಅಂಗಳಕ್ಕಿಳಿದಳು, ಜಗಳದ ಸುತ್ತ ಒಂದು ಸುತ್ತು ಬಂದಳು. ವಾಪಸು ಬಂದಾಗ ಅವಳ ಮುಖ ಅರಳಿತ್ತು.

"ಇದನ್ನೇ ಹಾಕೋಣ. ಸಿನಿಮಾದ ಮೊದಲು ಈ ಜಗಳ ತೋರಿಸಿದರೆ ಯಾರು ನೋಡದೆ ಬಿಡ್ತಾರೆ? ನಮ್ಮ ಕಡೆಯಿಂದ ಒಪ್ಪಿಗೆ ನಿತೇಶ್. ಎರಡನೇ ಕಥೆ ಕಳಿಸಿ. ಅದರಲ್ಲಿ ಯಾರಿದ್ದಾರೆ?"

"ಒಬ್ಬರದೇ ಮುಖ್ಯ ಪಾತ್ರ," ಎಂದ ನಿತೇಶ. "ಸುಗುಣಕ್ಕಂದ್."

"ಓ, ಆ ಅತ್ತೆ! ಖಂಡಿತ, ಚೆನ್ನಾಗಿ ಮಾಡಿದ್ದಾರೆ," ಎಂದಳು ಅನಿಷಾ, ಆಗಲೇ ಫೋನಿನಲ್ಲಿ ಏನನ್ನೋ ಬರೆಯುತ್ತ.

ಅಷ್ಟೇ. ಯಾರೂ ತಕರಾರು ತೆಗೆಯಲಿಲ್ಲ, ಯಾರೂ ಬೇರೆ ಹೆಸರು ಹೇಳಲಿಲ್ಲ. ಕನ್ನಡಿಗಳ ಮುಂದೆ ಅತ್ತು, ನಕ್ಕು, ಕಾದದ್ದೆಲ್ಲ ಕೈಗೆ ಬಂದು ಕೂತಿತ್ತು. ಸುಗುಣಕ್ಕ ಮುಷ್ಟಿ ಮುಚ್ಚಿದರೆ ಸಾಕಿತ್ತು. ಅವಳಿಗೆ ಆ ಪಾತ್ರ ಬೇಕಾಗಿತ್ತು. ಈಗಲೂ, ಎಲ್ಲ ನೋಡಿದ ಮೇಲೂ, ಹಸಿದವನಿಗೆ ಅನ್ನ ಬೇಕಾಗುವ ಹಾಗೆ ಬೇಕಾಗಿತ್ತು. ಆದರೆ ಆ ಖಾಲಿ ಸೀಟು ನೋಡಿದ ಕಣ್ಣು, ಬಾಳೆಹಣ್ಣು ಹಿಡಿದ ಕೈ ಅವಳನ್ನು ಬಿಡಲಿಲ್ಲ. ಇನ್ನೊಂದು ಸಿನಿಮಾದಲ್ಲಿಯೂ ತಾನೇ ಒದರಿ, ಜನ ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ಹುಡುಕುತ್ತ ಕೂತರೆ?

"ನಿತೇಶ, ಆ ಪಾರ್ಟ್ ಸರೋಜಂಗೆ ಕೊಡ್," ಎಂದಳು.

"ಎಂತ ಅಕ್ಕ? ನೀವೇ ಅಲ್ದಾ..."

"ಸಿನಿಮಾ ಮಾಡಿದವ ನೀನ್. ನೀನೂ ಅದನ್ನ ಸರಿ ಕಾಣ್ಲಿಲ್ಯಾ? ನೆಗಾಡಿದ್ದ್ ಯಾರ್ ಮುಖ ಕಂಡ್? ನಂಗೆ ಅವ್ಳ ಪಕ್ಕದ್ ಮನಿ ಬಾಯ್‌ಬಡ್ಕಿ ಪಾರ್ಟ್ ಕೊಡ್, ಅದ್ ಬೇರೆ ಯಾರಿಗೂ ಕೊಡುಕಿಲ್ಲ." ಇಷ್ಟು ಹೇಳಿ, ಮುಖ ಅವರಿಗೆ ತೋರಿಸದೆ ಬಿರಬಿರನೆ ಹಿಂದಿನ ಅಡುಗೆಮನೆಗೆ ನಡೆದಳು.

ಸರೋಜ ಬಾಣಲೆಯ ಮುಂದೆ ನಿಂತು ಗೋಳಿಬಜೆ ಕರಿಯುತ್ತಿದ್ದಳು. ಹಣೆ ತುಂಬ ಬೆವರು.

"ಮುಗ್ದಾಯ್ತಾ? ಜನ ನೆಗಾಡ್ರಾ? ಇಲ್ಲಿಗೂ ಕೇಂಡಿತ್ ಕಾಣ್. ನಿನ್ ಮಾತಿಗೆ ನೆಗಾಡ್ದೆ ಇಪ್ಪುಕಾತ್ತಾ?" ಎಂದಳು ಸಂತೋಷದಿಂದ.

ಸುಗುಣಕ್ಕ ಬಾಣಲೆಯ ಹತ್ತಿರ ಬಂದಳು. "ನೀನ್ ಕಂಡಿದ್ಯಾ ಸರೋಜ, ಆ ಸಿನಿಮಾ? ಯಾವಾಗ್ಲಾರೂ?"

"ನಾನ್ ಎಂತ ಕಾಂಬುದ್? ನಂಗೆ ಅದ್ರಂಗೆ ಮಾತೇ ಇಲ್ಯಲೆ ಮರಾಯ್ತಿ. ಆ ದಿನ ಟಾಕೀಸ್ ಎದ್ರಿಗೂ ಚಾ ಕಾಸುಕ್ ನಿಂತಿದ್ದೆ."

ಸುಗುಣಕ್ಕ ಅವಳ ಕೈಯಿಂದ ಬಜೆ ಎತ್ತುವ ಜಾರವನ್ನು ಕಸಿದುಕೊಂಡಳು. "ನಡಿ. ಮುಖ ಒರ್ಸ್ಕೊ. ಮುಂದಿನ ಕುರ್ಚ್ಯಂಗೆ ಕೂಕೊ. ನಿತೇಶ ಇನ್ನೊಂದ್ ಸಲ ಹಾಕ್ತ."

"ಬಜಿ ಕರಟ್ತ್!"

"ಬಜಿ ನಾನ್ ಕಾಣ್ತೆ. ನೀನ್ ಸಿನಿಮಾ ಕಾಣ್."

ಸರೋಜಳನ್ನು ಹೆಚ್ಚುಕಡಿಮೆ ದೂಡಿಯೇ ಒಳಗೆ ಕಳಿಸಬೇಕಾಯಿತು. ಸಿನಿಮಾ ಮತ್ತೆ ಶುರುವಾದ ಸದ್ದು ಕೇಳಿ ಅಂಗಳದ ಜಗಳವೂ ಲೋಟಗಳ ಸಮೇತ ಒಳಗೆ ಹೋಯಿತು, ಸಾಕ್ಷ್ಯ ನೋಡಿ ತೀರ್ಮಾನಿಸಲು. ಸುಗುಣಕ್ಕ ಒಬ್ಬಳೇ ಹಿಟ್ಟು ಬಿಡುತ್ತ ನಿಂತಳು. ಗೋಡೆಯಾಚೆ ಅವಳದೇ ದನಿ ಒದರುತ್ತಿತ್ತು. ಜನ ನಕ್ಕರು. ಸರೋಜಳ ನಗು ಕೇಳುತ್ತದೋ ಎಂದು ಅವಳು ಕಿವಿಗೊಟ್ಟಳು. ಇಲ್ಲ. ಟೋಲ್ ಬಂತು, ಕುಂದಾಪುರ ಬಂತು, ಜನ ಮತ್ತೂ ನಕ್ಕರು. ಸರೋಜಳ ಸದ್ದಿಲ್ಲ. ಸುಗುಣಕ್ಕ ಹಿಟ್ಟು ಬಿಡುವುದನ್ನೂ ಮರೆತಳು.

ಹೆಮ್ಮಾಡಿಯ ಹೊತ್ತಿಗೆ ಇಡೀ ಹಾಲ್ ಬೆಚ್ಚಿಬೀಳುವ ಹಾಗೆ ಸರೋಜ ಎದ್ದು ನಿಂತು ಕೂಗಿದಳು, "ಹ್ವಾಯ್ ಸುಗುಣ! ಅಷ್ಟ್ ಸಲ ಹೇಳುಕ್ ಹೊರ್ಟೆ ನಾನ್! ನೀನೇ ಬಿಡ್ಲಿಲ್ಲ!"

ನಿತೇಶ ಸಿನಿಮಾ ನಿಲ್ಲಿಸಿದ. ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಲ್ಲಿ ಕೈಯಲ್ಲಿ ಜಾರ, ಮೂಗಿನ ಮೇಲೆ ಹಿಟ್ಟು ಮೆತ್ತಿಕೊಂಡು ಸುಗುಣಕ್ಕ ನಿಂತಿದ್ದಳು.

"ಹೌದೇ ಸರೋಜ, ನಾನೇ ಬಿಡ್ಲಿಲ್ಲ," ಎಂದಳು. "ಈಗ ಹೇಳ್. ಎಲ್ಲ ಕೇಳ್ತ್ರ್."

ಸರೋಜ ಸೆರಗಿನಿಂದ ಮುಖ ಒರೆಸಿಕೊಂಡಳು, ಜನರನ್ನು ಒಮ್ಮೆ ನೋಡಿದಳು, ಗಂಟಲು ಸರಿಮಾಡಿಕೊಂಡಳು. ಆಮೇಲೆ ಹೇಳತೊಡಗಿದಳು. ಮದುಮಗ ಇಳಿದದ್ದನ್ನು ಹೇಳಿದಳು, ಡ್ರೈವರು ಕನ್ನಡಿ ನೋಡದಿದ್ದುದನ್ನು ಹೇಳಿದಳು, ಪುರೋಹಿತರು ಗೊರಕೆ ಹೊಡೆದದ್ದನ್ನು ಹೇಳಿದಳು, ಶೂಟಿಂಗಿನಲ್ಲಿ ಕೊಟ್ಟ ಬಾಳೆಹಣ್ಣು ಕೊಳೆತಿದ್ದುದನ್ನೂ ಬಿಡಲಿಲ್ಲ. ಬಾಣಲೆಯಲ್ಲಿದ್ದ ಬಜೆಯೆಲ್ಲ ಕರಟಿ ಕಪ್ಪಾಗಿ ಹೊಗೆ ಹಾಲ್ ಒಳಗೆ ಬಂದರೂ ಅವಳ ಮಾತು ಮುಗಿದಿರಲಿಲ್ಲ.